ಬಾಯಿ ತೆರೆಯದ ಮಗಳು, ಶಬಾಷ್ ಎನ್ನುವ ರೇಡಿಯೊ

ಎಂಟು ವರ್ಷದ ಮಗಳು ಬಾಯಿ ಮುಚ್ಚಿಕೊಂಡು ಕೂತರೆ ಮನೆ ಹೇಗಿರುತ್ತದೆ ಹೇಳಿ?

ಸ್ವರ್ಗ ಎನ್ನುತ್ತೀರಿ. ನಾನೂ ಹಾಗೇ ಅಂದುಕೊಂಡೆ, ಮೊದಲ ಸ್ವಲ್ಪ ಹೊತ್ತು.

ನನ್ನ ಮಗಳು ಲಾವಣ್ಯ ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಬಾಯಿ ಬಿಡುವ ಪೈಕಿ. ಹಲ್ಲುಜ್ಜುವಾಗಲೂ ಮಾತು, ಜಡೆ ಹಾಕಿಸಿಕೊಳ್ಳುವಾಗಲೂ ಮಾತು. ಅಂಥವಳು ಕಳೆದ ತಿಂಗಳು ಒಂದು ಬೆಳಿಗ್ಗೆ ದೋಸೆಯ ಮುಂದೆ ಕೂತು ಸುಮ್ಮನೆ ಕಣ್ಣೀರು ಹಾಕಿದಳು. ನೋಡುತ್ತೇನೆ, ಎಡಗೆನ್ನೆ ಊದಿಕೊಂಡಿದೆ. ಒಳಗೊಂದು ನಿಂಬೆಹಣ್ಣು ಬಚ್ಚಿಟ್ಟುಕೊಂಡ ಹಾಗೆ.

ಪಾಂಡವಪುರದಲ್ಲಿ ನಮ್ಮ ಮನೆಯ ಹತ್ತಿರವೇ ಇರುವ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆ. ಅವರು ಟಾರ್ಚ್ ಬಿಟ್ಟು ನೋಡಿದರು.

“ದವಡೆ ಹಲ್ಲು ಹುಳುಕಾಗಿದೆ. ಬುಡದಲ್ಲಿ ಕೀವು ತುಂಬಿದೆ. ಮಾತ್ರೆ ಕೊಡ್ತೀನಿ ಮೇಡಂ, ಆದ್ರೆ ಹಲ್ಲಿನ ಡಾಕ್ಟರಿಗೆ ತೋರಿಸ್ಲೇಬೇಕು. ತಡ ಮಾಡ್ಬೇಡಿ. ಊತ ಮೇಲಕ್ಕೇರಿದ್ರೆ ಕಷ್ಟ.”

ಅಲ್ಲಿಯವರೆಗೆ ‘ಆ’ ಎಂದು ಜಾಣೆಯ ಹಾಗೆ ಬಾಯಿ ತೆರೆದಿದ್ದವಳು ‘ಹಲ್ಲಿನ ಡಾಕ್ಟರು’ ಎನ್ನುವುದು ಕಿವಿಗೆ ಬಿದ್ದದ್ದೇ ತಡ, ಪಟ್ಟನೆ ಮುಚ್ಚಿದಳು. ಮುಚ್ಚಿ, ಮೇಲೆ ಎರಡೂ ಕೈ ಒತ್ತಿಕೊಂಡಳು. ಮನೆಗೆ ಬಂದ ಮೇಲೂ ಅಷ್ಟೇ. ಗಂಜಿ ಕುಡಿಯಲು ತುಟಿ ಒಂಚೂರು ಬಿಡಿಸುತ್ತಿದ್ದಳು. ಮಾತ್ರೆ ಪುಡಿ ಮಾಡಿ ಜೇನುತುಪ್ಪದಲ್ಲಿ ಕಲಸಿ ಕೊಟ್ಟರೆ ನೆಕ್ಕುತ್ತಿದ್ದಳು. ಉಳಿದದ್ದಕ್ಕೆಲ್ಲ ಕೈಸನ್ನೆ.

ನಮ್ಮ ಕಡೆಯವರಿಗೆ ಹಲ್ಲು ಎಂದರೆ ಶ್ರೀರಂಗಪಟ್ಟಣ. ಅಲ್ಲೊಬ್ಬರು ದಂತವೈದ್ಯರಿದ್ದಾರೆ, ಇನ್ನೂ ಚಿಕ್ಕ ವಯಸ್ಸು, ಒಳ್ಳೆಯವರು. ಮಾರನೆಯ ದಿನವೇ ಮಗಳನ್ನು ಬಸ್ಸು ಹತ್ತಿಸಿದೆ. ದಾರಿಯುದ್ದಕ್ಕೂ ಅಪ್ಪ ಅಮ್ಮಂದಿರು ಹೇಳುವುದನ್ನೆಲ್ಲ ಹೇಳಿದೆ. ಡಾಕ್ಟರ್ ಅಂಕಲ್ ಸುಮ್ಮನೆ ನೋಡ್ತಾರೆ ಅಷ್ಟೇ. ಏನೂ ಆಗಲ್ಲ. ಇರುವೆ ಕಚ್ಚಿದ ಹಾಗೆ. (ಸುಮ್ಮನೆ ನೋಡಿದರೆ ಇರುವೆ ಕಚ್ಚುವುದೇಕೆ ಎಂದು ಅವಳು ಕೇಳಲಿಲ್ಲ. ಬಾಯಿ ಮುಚ್ಚಿಕೊಂಡಿದ್ದಳಲ್ಲ.)

ಡಾಕ್ಟರೂ ನನ್ನ ಜೊತೆ ಸೇರಿಕೊಂಡರು. “ನೋವೇ ಆಗಲ್ಲ ಪುಟ್ಟಿ. ಬಾಯಿ ತೆಗೆದ್ರೆ ಚಾಕಲೇಟ್ ಕೊಡ್ತೀನಿ.” (ಹಲ್ಲಿನ ಡಾಕ್ಟರು ಚಾಕಲೇಟ್ ಕೊಡುವುದು! ಮುಂದಿನ ಗಿರಾಕಿಯನ್ನು ಈಗಲೇ ಗೊತ್ತು ಮಾಡಿಕೊಂಡ ಹಾಗೆ.)

ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಸಹಾಯಕ ಹಚ್ಚಿದ ಕೊರೆಯುವ ಮಿಷನ್ನಿನ ಸದ್ದು ಶುರುವಾಯಿತು. ನಾನು ಕಣ್ಣು ಮಿಟುಕಿಸುವುದರೊಳಗೆ ಕುರ್ಚಿ ಖಾಲಿ.

ಶ್ರೀರಂಗಪಟ್ಟಣದ ದೊಡ್ಡ ಬೀದಿಯಲ್ಲಿ, ಪಿಯು ಕಾಲೇಜಿನ ಕನ್ನಡ ಉಪನ್ಯಾಸಕಿಯೊಬ್ಬಳು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಮಗಳ ಹಿಂದೆ ಓಡಿದ್ದನ್ನು ನಿಮ್ಮಲ್ಲಿ ಯಾರಾದರೂ ನೋಡಿದ್ದರೆ, ದಯವಿಟ್ಟು ಮರೆತುಬಿಡಿ. ಮಗಳು ಜಟಕಾ ಸ್ಟ್ಯಾಂಡಿನಲ್ಲಿ ಒಂದು ಗಾಡಿಯ ಹಿಂದೆ ಅಡಗಿ ಕೂತಿದ್ದಳು. ಗಾಡಿಯ ಸಾಬರು ನನ್ನನ್ನೇ ಗುರಾಯಿಸಿದರು.

“ಕ್ಯಾ ಅಮ್ಮಾ, ಬಚ್ಚೀನ ಹೊಡೆದ್ರಾ?”

“ಹೊಡೆದಿಲ್ಲ ಸಾಬ್ರೇ. ಹಲ್ಲು ನೋವು, ಡಾಕ್ಟರ ಹತ್ರ ಕರ್ಕೊಂಡು ಬಂದಿದ್ದೆ.”

“ಅರೆ ಅಲ್ಲಾ!” ಅವರು ಮಗಳ ಕಡೆಗೆ ತಿರುಗಿ ದನಿ ತಗ್ಗಿಸಿದರು. “ನಂಗೂ ಡರ್ ಬೇಟಿ. ನಾನೂ ಓಗಕ್ಕಿಲ್ಲ.”

ಅಲ್ಲಿಗೆ ನನ್ನ ಕೇಸು ಬಿದ್ದುಹೋಯಿತು. ವಾಪಸ್ ಬಸ್ಸು ಹತ್ತಿದೆವು.

ಈಗ ಶಾಲೆಯ ವಿಷಯ. ಊದಿದ ಕೆನ್ನೆ ಹೊತ್ತುಕೊಂಡು ಸ್ಕೂಲಿಗೆ ಹೋಗಲಾರೆ ಎಂದು ಮಗಳು ಸನ್ನೆ ಮಾಡಿದಳು. ನನಗೆ ಪಾಠ ತಪ್ಪುತ್ತದಲ್ಲ ಎನ್ನುವ ಚಿಂತೆ. ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿಕೊಂಡಾಗ ನಮ್ಮ ಭೌತಶಾಸ್ತ್ರದ ಮೇಷ್ಟ್ರು ನಕ್ಕರು. ಅವರಿಗೆ ಭವಿಷ್ಯ ಹೇಳುವ ಚಟ.

“ಅದಕ್ಯಾಕೆ ತಲೆ ಕೆಡಿಸ್ಕೋತೀರಾ ಮೇಡಂ? ಇನ್ನೊಂದಿಪ್ಪತ್ತು ವರ್ಷ ತಡೀರಿ. ಮಕ್ಕಳು ಮನೇಲೇ ಟಿವಿ ಮುಂದೆ ಕೂತು ಪಾಠ ಕೇಳ್ತವೆ. ಮೇಷ್ಟ್ರು ಎಲ್ಲೋ, ಮಕ್ಕಳು ಎಲ್ಲೋ. ಸ್ಕೂಲು ಬಿಲ್ಡಿಂಗೆಲ್ಲಾ ಮದುವೆ ಛತ್ರ ಆಗುತ್ತೆ.”

ಇಪ್ಪತ್ತು ವರ್ಷ ಕಾಯುವುದು ಯಾಕೆ? ಮಧ್ಯಾಹ್ನ ರೇಡಿಯೊದಲ್ಲಿ ಶಾಲಾ ಮಕ್ಕಳಿಗೆ ಪಾಠ ಬರುತ್ತದಲ್ಲ! ಮಾರನೆಯ ದಿನ ಕಾಲೇಜಿಗೆ ಹೊರಡುವ ಮೊದಲು ರೇಡಿಯೊವನ್ನು ಮಗಳ ಪಕ್ಕದಲ್ಲಿಟ್ಟೆ. ಮುಳ್ಳು ಸರಿಯಾದ ಜಾಗದಲ್ಲಿ ನಿಲ್ಲಿಸಿದೆ. ನಮ್ಮ ಅತ್ತೆಗೆ ಹೇಳಿದೆ, “ಅತ್ತೆ, ಊಟ ಆದ್ಮೇಲೆ ಇದನ್ನ ತಿರುಗಿಸಿ. ಅವಳು ಕೇಳಿಸ್ಕೊಳ್ತಾಳಾ ನೋಡ್ಕೊಳ್ಳಿ.”

ಅತ್ತೆಯ ಬಗ್ಗೆ ಒಂದೆರಡು ಮಾತು ಹೇಳಬೇಕು. ಅವರದು ಕೆ.ಆರ್. ಪೇಟೆ ತಾಲ್ಲೂಕಿನ ಶೀಳನೆರೆ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆ ಪಾಂಡವಪುರದಲ್ಲಿದ್ದಾರೆ. ನನ್ನ ಯಜಮಾನರಿಗೆ ನಾಗಮಂಗಲದಲ್ಲಿ ಬ್ಯಾಂಕ್ ಕೆಲಸ, ವಾರಕ್ಕೊಮ್ಮೆ ಬರುತ್ತಾರೆ. ಹಾಗಾಗಿ ನಮ್ಮ ಮನೆ ಎಂದರೆ ಮೂರು ಹೆಂಗಸರ ರಾಜ್ಯ. ಅತ್ತೆ ತಮ್ಮ ಉಳಿದ ಹಲ್ಲುಗಳನ್ನು ಕಳೆದ ವರ್ಷ ಇದೇ ಶ್ರೀರಂಗಪಟ್ಟಣದ ಡಾಕ್ಟರಲ್ಲಿ ತೆಗೆಸಿ, ಸೆಟ್ಟು ಕಟ್ಟಿಸಿಕೊಂಡಿದ್ದರು. ಆದರೆ ಅದನ್ನು ತೆಗೆಯುವುದನ್ನಾಗಲಿ, ಹಾಕುವುದನ್ನಾಗಲಿ ನಾವು ಯಾರೂ ನೋಡಿದ್ದಿಲ್ಲ. ಹೆತ್ತ ಮಗನ ಎದುರಿಗೂ ಅವರು ಗೋಡೆ ಕಡೆ ತಿರುಗಿ, ಸೆರಗು ಅಡ್ಡ ಹಿಡಿದೇ ಆ ಕೆಲಸ ಮಾಡುವುದು.

ಎರಡು ದಿನ ಪಾಠ ನಡೆಯಿತು. “ಕೇಳಿಸ್ಕೊಂಡ್ಲಾ ಅತ್ತೆ?” ಎಂದರೆ, “ಊಂ, ಒಸಿ ಚೆಂದಾಗಿತ್ತು ಕಣಮ್ಮಿ” ಎನ್ನುವರು. ನನಗೆ ಹೆಮ್ಮೆಯೋ ಹೆಮ್ಮೆ. ಭೌತಶಾಸ್ತ್ರದ ಮೇಷ್ಟ್ರ ಇಪ್ಪತ್ತು ವರ್ಷವನ್ನು ಎರಡು ದಿನದಲ್ಲಿ ತಂದು ನಡುಮನೆಯಲ್ಲಿ ಕೂರಿಸಿದ್ದೇನೆ! ಶಾಲೆ ಯಾಕೆ ಬೇಕು?

ಮೂರನೆಯ ದಿನ ಕೊನೆಯ ಪೀರಿಯಡ್ ಇರಲಿಲ್ಲ. ಬೇಗ ಮನೆಗೆ ಬಂದೆ. ಜಗಲಿಯಲ್ಲಿ ಚಪ್ಪಲಿ ಬಿಡುತ್ತಿದ್ದೇನೆ, ಒಳಗಿಂದ ರೇಡಿಯೊ ಅಕ್ಕನ ದನಿ ಕೇಳಿಸಿತು. ಅವತ್ತು ನಮ್ಮ ದೇಹದ ಪಾಠ.

“ಮಕ್ಕಳೇ, ಈಗ ನಿಮ್ಮ ಬಾಯಲ್ಲಿ ಎಷ್ಟು ಹಲ್ಲುಗಳಿವೆ ಅಂತ ನಾಲಿಗೆಯಿಂದ ಮುಟ್ಟಿ ಎಣಿಸಿ ಹೇಳಿ ನೋಡೋಣ!”

ಮಕ್ಕಳು ಎಣಿಸಲೆಂದು ಸ್ವಲ್ಪ ಹೊತ್ತು ಕೊಳಲಿನ ಸಂಗೀತ.

“ಏನ್ ಎಣುಸ್ಲವ್ವಾ,” ಎಂದರು ನಮ್ಮ ಅತ್ತೆ, “ಒಂದೂ ಇಲ್ಲ.”

“ಸರಿಯಾಗಿ ಹೇಳಿದಿರಿ! ಶಬಾಷ್!” ಎಂದಿತು ರೇಡಿಯೊ.

ನಾನು ಬಾಗಿಲ ಬಳಿಯೇ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ. ಕಿಟಕಿಯಿಂದ ಬಗ್ಗಿ ನೋಡಿದರೆ ಅತ್ತೆ ರೇಡಿಯೊದ ಎದುರು ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ, ಮುಖ ಅರಳಿದೆ. ಸೆಟ್ಟು ಗೂಡಿನಲ್ಲಿ ಗಾಜಿನ ಲೋಟದೊಳಗಿದೆ. ಮಗಳು ಚಾಪೆಯ ಮೇಲೆ ಒರಗಿಕೊಂಡು ಆ ಲೋಟವನ್ನೇ ನೋಡುತ್ತಿದ್ದಾಳೆ. ಆಮೇಲೆ, ಅಷ್ಟು ದಿನದ ಮೇಲೆ ಮೊದಲ ಸಲ, ಹಲ್ಲು ಬಿಚ್ಚದೆ ತುಟಿಯ ಸಂದಿಯಿಂದ ಅವಳ ಮಾತು ಬಂತು.

“ಅಜ್ಜಿ, ಎಲ್ಲಾನೂ ಅವ್ರೇ ಕಿತ್ಕೊಂಡ್ರಾ?”

ನನ್ನ ನಗು ಅಲ್ಲೇ ನಿಂತಿತು.

ಅವಳ ಕಣ್ಣಿನಿಂದ ನೋಡಿ. ಹೋದ ವರ್ಷ ಅಜ್ಜಿ ಅಪ್ಪನ ಜೊತೆ ಶ್ರೀರಂಗಪಟ್ಟಣಕ್ಕೆ ಹೋದರು. ಹೋಗುವಾಗ ಬಾಯಲ್ಲಿ ಅಷ್ಟೋ ಇಷ್ಟೋ ಹಲ್ಲಿತ್ತು. ಬರುವಾಗ ರಕ್ತದ ಹತ್ತಿ, ಬೋಳು ಬಾಯಿ. ಸ್ವಲ್ಪ ದಿನದ ಮೇಲೆ ನೋಡಿದರೆ ಅಷ್ಟೂ ಹಲ್ಲು ಲೋಟದ ನೀರಿನಲ್ಲಿ! ಇಷ್ಟೆಲ್ಲ ಕಣ್ಣೆದುರೇ ನಡೆದಿರುವಾಗ ‘ಇರುವೆ ಕಚ್ಚಿದ ಹಾಗೆ’ ಎನ್ನುವ ಅಮ್ಮನನ್ನು ಯಾವ ಮಗು ನಂಬೀತು?

ಅವಳ ಪ್ರಶ್ನೆ ರೇಡಿಯೊ ಅಕ್ಕನಿಗೆ ಕೇಳಿಸಲಿಲ್ಲ. ಅವರು ಮೂಳೆಗಳ ಕಡೆ ಹೊರಟುಹೋದರು. ಅತ್ತೆ ಕೈಚಾಚಿ ರೇಡಿಯೊ ಆರಿಸಿದರು.

“ಅಯ್ಯೋ, ಇಲ್ಲ ಕಣ್ಮಗಾ. ಅವ್ರು ಕಿತ್ತಿದ್ದು ಮಿಕ್ಕಿದ್ದ ಮೋಟುಗಳ್ನ. ಒಳ್ಳೆ ಅಲ್ಲೆಲ್ಲಾ ಅದ್ಕೂ ಮುಂಚೇನೆ ಓಗಿದ್ವು.” (ಅತ್ತೆಯ ಬಾಯಲ್ಲಿ ಹಲ್ಲು ಯಾವತ್ತೂ ‘ಅಲ್ಲೇ’.)

“ಹೆಂಗೆ ಹೋದ್ವು?”

“ಉಳುಕಾದ್ವು. ನಿಂಗೀಗ ಆಗೈತಲ್ಲಾ, ಅಂಗೇಯ. ಯಾರ್ಗೆ ಏಳಾನ? ಏಳುದ್ರೂ ಕರ್ಕಂಡೋಗೋರ್ಯಾರು? ಇಂಗು ಮಡಿಕ್ಕಂಡು, ಲವಂಗ ಮಡಿಕ್ಕಂಡು, ಕೆನ್ನೆ ಕಟ್ಕಂಡು ನಾಟಿ ಮಾಡ್ದೋ. ಒಂದು ಕೆಟ್ಟದ್ದು ಪಕ್ಕದ್ದನ್ನ ಕೆಡುಸ್ತು. ಅಂಗೇ ಒಂದೊಂದೇ ಉದುರ್ಕಂಡೋದ್ವು.”

ಮಗಳು ಯೋಚಿಸಿದಳು. “ತೋರ್ಸು.”

ಅತ್ತೆಯ ಸೆರಗು ತಟ್ಟನೆ ಬಾಯಿಗೆ ಹೋಯಿತು. “ಥೂ, ಅದೇನ್ ನೋಡ್ತೀಯೆ! ಬುಡು.”

“ಹಂಗಾದ್ರೆ ಸುಳ್ಳು,” ಎಂದು ಮಗಳು ಗೋಡೆ ಕಡೆ ಹೊರಳಿಕೊಂಡಳು.

ನಾನು ಒಳಗೆ ಹೋದಾಗ ಇಬ್ಬರೂ ಬಾಯಿ ಮುಚ್ಚಿಕೊಂಡು ಕೂತಿದ್ದರು. ಒಬ್ಬಳು ಕೈಯಿಂದ, ಇನ್ನೊಬ್ಬರು ಸೆರಗಿನಿಂದ.

ಅವತ್ತು ಸಂಜೆ ಜ್ವರ ಬಂತು. ಬೆಳಿಗ್ಗೆ ಎದ್ದು ನೋಡಿದರೆ ಊತ ಕಣ್ಣಿನ ಕೆಳಗಿನವರೆಗೂ ಏರಿ, ಎಡಗಣ್ಣು ಅರ್ಧ ಮುಚ್ಚಿಹೋಗಿದೆ. ಮೈ ಕೆಂಡ. ಮೇಲಕ್ಕೇರಿದರೆ ಕಷ್ಟ ಎಂದಿದ್ದರಲ್ಲ ಡಾಕ್ಟರು? ನಾಗಮಂಗಲಕ್ಕೆ ಫೋನ್ ಮಾಡಲು ಎಸ್‌ಟಿಡಿ ಬೂತಿಗೆ ಓಡಬೇಕೋ, ಕಾರು ಹಿಡಿಯಬೇಕೋ ತೋಚಲಿಲ್ಲ. ಕೊನೆಗೆ ಪಕ್ಕದ ಮನೆಯವರ ಕಾರು ಬಂತು. ಮಗಳನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡೆ. ಹೊರಗೆ ಬರುತ್ತೇನೆ, ಅತ್ತೆ ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದಾರೆ. ಹೊಸ ಸೀರೆ. ಸೆಟ್ಟು ಬಾಯಲ್ಲಿದೆ.

“ನೀವ್ಯಾಕತ್ತೆ ಬಿಸಿಲಲ್ಲಿ?”

“ಸುಮ್ಕೆ ಕಾರು ಅತ್ತು.”

ಕ್ಲಿನಿಕ್ಕಿನ ಬೆಂಚುಗಳಲ್ಲಿ ಜನ ತುಂಬಿದ್ದರು. ನಮ್ಮ ಮಗಳ ಮುಖ ನೋಡಿ ಎಲ್ಲರೂ ಸರಿದು ಜಾಗ ಕೊಟ್ಟರು. ಡಾಕ್ಟರಿಗೆ ಹೇಳಿ ಕಳಿಸಿದೆ. ಆದರೆ ಒಳಗಿನ ಬಾಗಿಲು ತೆರೆದದ್ದೇ ಮಗಳು ಕಿಟಕಿಯ ಸರಳು ಹಿಡಿದುಕೊಂಡಳು. ಜ್ವರದಲ್ಲೂ ಅದೆಲ್ಲಿತ್ತೋ ಆ ಶಕ್ತಿ! ಒಂದು ಬೆರಳು ಬಿಡಿಸಿದರೆ ಇನ್ನೊಂದು ಹಿಡಿಯುತ್ತದೆ. ಬಾಯಿ ತೆರೆದರೆ ಎಲ್ಲಿ ಕಿತ್ತುಬಿಡುತ್ತಾರೋ ಎಂದು ಮೂಗಿನಲ್ಲೇ ಅಳುತ್ತಿದ್ದಾಳೆ. “ಎತ್ಕೊಂಡೋಗಿ ಕೂರ್ಸಿ, ನಾಲ್ಕು ಜನ ಹಿಡ್ಕೊಂಡ್ರೆ ಆಯ್ತು,” ಎಂದರು ಯಾರೋ. ನಾನೂ ಅದಕ್ಕೆ ಸಿದ್ಧಳಾಗಿದ್ದೆ. ಬೇರೇನು ಮಾಡಲಿ?

“ತಡೀರ್ಲಾ,” ಎಂದರು ಅತ್ತೆ. ಹಿಡ್ಕೊಳ್ಳಿ ಎಂದಿದ್ದವರು ನಡುವಯಸ್ಸಿನ ಗಂಡಸು, ದಂಗಾಗಿ ಹಿಂದೆ ಸರಿದರು.

ಅತ್ತೆ ಮೊಮ್ಮಗಳ ಎದುರು ನೆಲದ ಮೇಲೆ ಕೂತರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಬೆರಳು ಹಾಕಿ ಮೇಲಿನ ಸೆಟ್ಟು ತೆಗೆದರು, ಕೆಳಗಿನದನ್ನೂ ತೆಗೆದರು, ಎರಡನ್ನೂ ಮಡಿಲಲ್ಲಿಟ್ಟುಕೊಂಡರು. ಕೆನ್ನೆಗಳು ಒಳಕ್ಕೆ ಕುಸಿದವು. ಮುಖ ತೀರಾ ಸಣ್ಣದಾಯಿತು. ಬೆಂಚಿನಲ್ಲಿ ಅಷ್ಟು ಜನ, ಪರಊರ ಗಂಡಸರು, ಹೆಂಗಸರು. ಎಲ್ಲರ ಎದುರಿಗೆ ಅವರು ಬಾಯಿ ಅಗಲಿಸಿ ತೆರೆದರು.

“ನೋಡು ಮಗಾ. ತೋರ್ಸು ಅಂದ್ಯಲ್ಲಾ, ನೋಡು.”

ಮಗಳು ಸರಳು ಬಿಡಲಿಲ್ಲ. ಆದರೆ ನೋಡಿದಳು. ತುಂಬಾ ಹೊತ್ತು ನೋಡಿದಳು.

“ಇಲ್ಲಿ ಕೆಂಪಗಿದೆ,” ಎಂದಳು.

“ಊಂ. ಸೆಟ್ಟು ಕಚ್ತದೆ. ಬೋ ದಿನಾಯ್ತು.”

“ಡಾಕ್ಟ್ರಿಗೆ ಯಾಕೆ ಹೇಳ್ಲಿಲ್ಲ?”

“ಎದ್ರುಕೆ ಕಣ್ಮಗಾ.”

ನಾನು ಅಲ್ಲೇ ನಿಂತಿದ್ದೆ. ದಿನಾ ಎದುರಿಗೆ ಕೂತು ಉಂಡಿದ್ದೇವೆ. (ಮುದ್ದೆ ನುಂಗುವ ಸೀಮೆಯಲ್ಲಿ ಯಾರ ಬಾಯಲ್ಲಿ ಏನು ನೋವಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ.)

ಡಾಕ್ಟರು ಅಷ್ಟರಲ್ಲಿ ಹೊರಗೆ ಬಂದು ನೋಡುತ್ತಿದ್ದರು. ಈ ಸಲ ಅವರು ಚಾಕಲೇಟಿನ ಮಾತೆತ್ತಲಿಲ್ಲ. ತಮ್ಮ ಪುಟ್ಟ ಕನ್ನಡಿಯನ್ನೂ ಟಾರ್ಚನ್ನೂ ನನ್ನ ಮಗಳ ಕೈಗೆ ಕೊಟ್ಟರು. “ಎಲ್ಲಿ ಕೆಂಪಗಿದೆ, ನಂಗೂ ತೋರಿಸು ಬಾ.”

ಅತ್ತೆ ಕುರ್ಚಿಯಲ್ಲಿ ಕೂತರು. ಮಗಳು ಪಕ್ಕದ ಸ್ಟೂಲಿನ ಮೇಲೆ ನಿಂತು ಟಾರ್ಚ್ ಬಿಟ್ಟಳು. ಡಾಕ್ಟರು ಸೆಟ್ಟನ್ನು ಕೊರೆಯುವ ಮಿಷನ್ನಿಗೆ ಹಿಡಿದು ಚೂರು ಸವೆಸಿ, ಮತ್ತೆ ಹಾಕಿ, ಮತ್ತೆ ಸವೆಸಿದರು. ಅದೇ ಸದ್ದು. ಮಗಳು ಅಜ್ಜಿಯ ಕೈ ಹಿಡಿದುಕೊಂಡಿದ್ದಳು, ಓಡಲಿಲ್ಲ. ಆಮೇಲೆ ಅತ್ತೆ ಇಳಿದರು. ಕುರ್ಚಿ ಖಾಲಿಯಾಯಿತು.

“ನೋವಾಗುತ್ತಾ?” ಎಂದು ಕೇಳಿದಳು. ಡಾಕ್ಟರನ್ನಲ್ಲ, ನನ್ನನ್ನೂ ಅಲ್ಲ. ಅಜ್ಜಿಯನ್ನು.

ನಾನು ಬಾಯಿ ಹಾಕುವ ಮೊದಲೇ ಅತ್ತೆ ಹೇಳಿದರು. “ನೋಯ್ತದೆ ಮಗಾ. ಸೂಜಿ ಚುಚ್ಚುವಾಗ ಒಸಿ ಜಾಸ್ತೀನೇ ನೋಯ್ತದೆ. ಆಮೇಲೆ ಓಯ್ತದೆ. ನಾನಿಲ್ಲೇ ಇರ್ತೀನಿ.”

“ಎಷ್ಟು ಕೀಳ್ತಾರೆ?”

“ಒಂದೇ,” ಎಂದರು ಡಾಕ್ಟರು. “ಅದೂ ಹಾಲು ಹಲ್ಲು. ಕಿತ್ತಿದ್ದು ನಿನ್ನ ಕೈಗೇ ಕೊಡ್ತೀನಿ. ನಾನು ಇಟ್ಕೊಳ್ಳಲ್ಲ.”

ಅವಳು ಕುರ್ಚಿ ಹತ್ತಿದಳು. ನನ್ನ ಕಡೆ ಒಮ್ಮೆ, ಅಜ್ಜಿಯ ಕಡೆ ಒಮ್ಮೆ ನೋಡಿದಳು. ಬಾಯಿ ತೆರೆದಳು.

ಅತ್ತಳೇ? ಅತ್ತಳು. ಬೀದಿಗೆಲ್ಲ ಕೇಳಿಸುವ ಹಾಗೆ ಕಿರುಚಿದಳು. ಸೂಜಿ ಚುಚ್ಚುವಾಗ ಅತ್ತೆಯ ಕೈಯನ್ನು ಉಗುರಿನ ಗುರುತು ಬೀಳುವಷ್ಟು ಒತ್ತಿ ಹಿಡಿದಿದ್ದಳು. ಆದರೆ ಬಾಯಿ ಮುಚ್ಚಲಿಲ್ಲ. ಕೀವೆಲ್ಲ ಹೊರಬಂತು. ಹಲ್ಲೂ ಬಂತು. ಡಾಕ್ಟರು ಅದನ್ನು ತೊಳೆದು ಅವಳ ಅಂಗೈಯಲ್ಲಿಟ್ಟರು. ಅವಳು ಅದನ್ನೇ ನೋಡುತ್ತ, ಹತ್ತಿ ಕಚ್ಚಿಕೊಂಡು, ಕಾರಿನಲ್ಲಿ ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋದಳು. ಅತ್ತೆಯ ಸೆರಗು ಮತ್ತೆ ಬಾಯಿಗೆ ಹೋಗಿತ್ತು. ಅವರ ಬೆನ್ನ ಮೇಲೆ ಕೈಯಿಡಬೇಕೆನಿಸಿತು. ಇಟ್ಟೆ.

ಎರಡು ದಿನದಲ್ಲಿ ಊತ ಇಳಿಯಿತು, ಜ್ವರ ಬಿಟ್ಟಿತು, ಮಾತು ಬಡ್ಡಿ ಸಮೇತ ವಾಪಸ್ ಬಂತು. ಸ್ಕೂಲಿಗೆ ಹೋದವಳು ಏನು ಮಾಡಿದ್ದಾಳೆ ಗೊತ್ತೇ? ಮನೆಯ ಟಾರ್ಚನ್ನು ಬ್ಯಾಗಿನಲ್ಲಿ ಸೇರಿಸಿಕೊಂಡು ಹೋಗಿ, ಇಡೀ ಕ್ಲಾಸಿನ ಬಾಯಿ ತಪಾಸಣೆ ಮಾಡಿದ್ದಾಳೆ. “ನೋವಾಗುತ್ತೆ. ಆಮೇಲೆ ಹೋಗುತ್ತೆ,” ಎಂದು ಎಲ್ಲರಿಗೂ ಹೇಳಿದ್ದಾಳಂತೆ. ಮಕ್ಕಳು ಸಾಲಾಗಿ ನಿಂತಿದ್ದರಂತೆ. ಅವಳ ಟೀಚರ್ ದಾರಿಯಲ್ಲಿ ಸಿಕ್ಕಾಗ ನಗುತ್ತಲೇ ದೂರು ಕೊಟ್ಟರು. “ನನ್ನ ಬಾಯೂ ನೋಡ್ಬಿಟ್ಲು ಮೇಡಂ!”

ಇದನ್ನೆಲ್ಲ ಸ್ಟಾಫ್ ರೂಮಿನಲ್ಲಿ ಹೇಳಿ, ಭೌತಶಾಸ್ತ್ರದ ಮೇಷ್ಟ್ರ ಮೇಲೆ ಹರಿಹಾಯ್ದೆ. ನಿಮ್ಮ ಟಿವಿ ಪಾಠ ಬರಲಿ, ಅದರಪ್ಪನಂಥದ್ದೂ ಬರಲಿ. ಆದರೆ ಊದಿದ ಕೆನ್ನೆ ಅದಕ್ಕೆ ಕಾಣುತ್ತದೆಯೇ? ಚಾಪೆಯ ಮೇಲಿನ ಮಗು ತುಟಿಯ ಸಂದಿಯಿಂದ ಕೇಳಿದ್ದು ಅದಕ್ಕೆ ಕೇಳಿಸುತ್ತದೆಯೇ? ಒಂದೂ ಹಲ್ಲಿಲ್ಲ ಎಂದವರಿಗೂ ಶಬಾಷ್ ಎನ್ನುವ ಮೇಷ್ಟ್ರು ಎಂಥ ಮೇಷ್ಟ್ರು? ಭಾಷಣ ಚೆನ್ನಾಗಿತ್ತು. ಎಲ್ಲರೂ ತಲೆದೂಗಿದರು.

ಮನೆಗೆ ಬಂದರೆ ಅತ್ತೆ ಒಬ್ಬರೇ ರೇಡಿಯೊ ಮುಂದೆ ಕೂತು ಪಾಠ ಕೇಳುತ್ತಿದ್ದಾರೆ. ಮಗಳು ಸ್ಕೂಲಿನಲ್ಲಿದ್ದಾಳೆ. ಕೊಳಲು ಬಂದಾಗ ಉತ್ತರವನ್ನೂ ಹೇಳುತ್ತಿದ್ದಾರೆ.

“ಇನ್ಯಾಕತ್ತೆ ಇದು? ಅವಳು ಸ್ಕೂಲಿಗೆ ಹೋದ್ಲಲ್ಲ?”

ಅವರು ಸ್ವಲ್ಪ ನಾಚಿದರು. “ತಪ್ಪೇಳುದ್ರೂ ಬಯ್ಯಕ್ಕಿಲ್ಲ ಕಣಮ್ಮಿ. ಸಬಾಸ್ ಅಂತಾರೆ. ನಂಗ್ಯಾರ್ ಅಂದಿದ್ರು, ಏಳು?”

ನನ್ನ ಭಾಷಣವನ್ನು ಮಡಚಿಟ್ಟೆ. ಪಕ್ಕದಲ್ಲಿ ಕೂತೆ. ಅವತ್ತು ಮಗ್ಗಿಯ ಪಾಠ. ಇಬ್ಬರೂ ಸೇರಿ ಹೇಳಿದೆವು.

ಶನಿವಾರ ನನ್ನ ಯಜಮಾನರು ನಾಗಮಂಗಲದಿಂದ ಬಂದರು. ಮಗಳು ಅವರ ತೊಡೆಯೇರಿ, ನಡೆದ ಕಥೆಯನ್ನೆಲ್ಲ ಅಭಿನಯ ಸಮೇತ ಹೇಳಿದಳು. ಅವರು ತಾಯಿಯ ಕಡೆ ನೋಡಿದರು, ತಟ್ಟೆಯಿಂದ ನಿಪ್ಪಟ್ಟು ತೆಗೆದುಕೊಂಡು ತಿನ್ನತೊಡಗಿದರು. ಮಗಳು ಮಾತು ನಿಲ್ಲಿಸಿ ಅವರ ದವಡೆಯನ್ನೇ ಗಮನಿಸಿದಳು.

“ಅಪ್ಪ, ನೀನ್ಯಾಕೆ ಒಂದೇ ಕಡೆ ಅಗೀತಿದ್ದೀಯ?”

ಬ್ಯಾಂಕಿನ ಆಫೀಸರು ಅಗಿಯುವುದನ್ನು ನಿಲ್ಲಿಸಿದರು. ಮಗಳು ಟಾರ್ಚ್ ತರಲು ಓಡಿದಳು. ಅತ್ತೆ ಸೆರಗು ಬಿಟ್ಟು, ಬಾಯಿ ತುಂಬ ನಕ್ಕರು.

ಅಂದಹಾಗೆ, ನಿಮ್ಮ ಮನೆಯಲ್ಲಿ ಯಾರು ಒಂದೇ ಕಡೆ ಅಗಿಯುತ್ತಿದ್ದಾರೆ, ನೋಡಿದ್ದೀರಾ?